ಬಾಗಿಲು ಹಾಕದ ಬೂಬಮ್ಮ

ಚನ್ನಪಟ್ಟಣದಲ್ಲಿ ನಮ್ಮ ಮನೆಯ ಕೆಳಗೆ ಇಸ್ತ್ರಿಯವನೊಬ್ಬ ಗಾಡಿ ನಿಲ್ಲಿಸಿಕೊಳ್ಳುತ್ತಾನೆ. ಎಲ್ಲರ ಮನೆಯಲ್ಲೂ ಕರೆಂಟಿನ ಪೆಟ್ಟಿಗೆ ಬಂದಿದ್ದರೂ ಇವನ ಇದ್ದಿಲ ಪೆಟ್ಟಿಗೆಗೆ ಗಿರಾಕಿ ಕಡಿಮೆಯಾಗಿಲ್ಲ. ಹೋದ ವಾರ ಬೆಳಗ್ಗೆ ಮೋಡ ಮುಚ್ಚಿಕೊಂಡು ಸಣ್ಣಗೆ ಹನಿಯುತ್ತಿತ್ತು, ಜೊತೆಗೆ ಮೈ ಕೊರೆಯುವ ಚಳಿ. ಅವನು ಗಾಡಿಯನ್ನು ಮೆಟ್ಟಿಲ ಕೆಳಗಿನ ಸಂದಿಗೆ ತಳ್ಳಿ, ಗಾಳಿ ಬರುವ ಕಡೆಗೆ ಟಾರ್ಪಾಲು ಕಟ್ಟಿಕೊಂಡು, ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದ. ಹಾಲು ತರಲು ಇಳಿದವಳ ಮೂಗಿಗೆ ಆ ವಾಸನೆ ಬಡಿಯಿತು. ಹೊಗೆಯ ವಾಸನೆಯಲ್ಲ, ಇದ್ದಿಲು ಕೆಂಪಾಗುವಾಗಿನ ಬಿಸಿ ವಾಸನೆ... ಕೈಕಂಬಿ ಹಿಡಿದು ನಿಂತು, "ಆ ಟಾರ್ಪಾಲು ಬಿಚ್ಚಪ್ಪ, ಮೊದಲು ಬಿಚ್ಚು" ಎಂದು ಕಿರುಚಿದೆ. ಅವನು ನನ್ನನ್ನು ಒಂದು ತರಹ ನೋಡಿ, "ಯಾಕಮ್ಮ, ಇಷ್ಟೊಂದು ಹೆದ್ರುಕತೀರಿ?" ಎಂದು ನಕ್ಕ.

ಹೆದರಿಕೆಗೆ ಹಾಗೆ ನಗೆಗೀಡಾಗುತ್ತಿದ್ದವಳು ಇನ್ನೊಬ್ಬಳಿದ್ದಳು. ನಮ್ಮ ಪಕ್ಕದ ಮನೆಯ ಬೂಬಮ್ಮ.

ನಮ್ಮೂರು ಕೈಲಾಂಚದ ಕಡೆಯದು. ರಾಗಿ, ಹಿಪ್ಪುನೇರಳೆ, ಒಂದೆರಡು ಹಸು, ಮನೆಯಲ್ಲಿ ರೇಷ್ಮೆ ಹುಳ. ನಮ್ಮ ಗೋಡೆಗೆ ಗೋಡೆ ಅಂಟಿಕೊಂಡಿದ್ದ ಸಣ್ಣ ಮನೆಯಲ್ಲಿ ಬೂಬಮ್ಮ, ಅವಳ ಗಂಡ, ಒಬ್ಬ ಮಗ ಇದ್ದರು. ಗಂಡ ದಿನಾ ಸೈಕಲ್ಲಿನಲ್ಲಿ ರಾಮನಗರಕ್ಕೆ ಹೋಗಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸ ಮಾಡಿ ಬರುತ್ತಿದ್ದ. ಸಾಬರ ಮನೆಯ ಹೆಂಗಸರನ್ನೆಲ್ಲ ನಮ್ಮ ಕಡೆ ಬೂಬಮ್ಮ ಎಂದೇ ಕರೆಯುವುದು. ಊರಿಗೆಲ್ಲ ಅವಳೊಬ್ಬಳೇ ಬೂಬಮ್ಮ ಆದ್ದರಿಂದ ಬೇರೆ ಹೆಸರಿನ ಅಗತ್ಯ ಯಾರಿಗೂ ಬೀಳಲಿಲ್ಲ. ಅವಳಿಗೊಂದು ಹೆಸರಿದೆ ಎಂದು ನಾವು ಮಕ್ಕಳು ಯೋಚಿಸಿದ್ದೂ ಇಲ್ಲ.

ಅವಳಷ್ಟು ಪುಕ್ಕಲಿಯನ್ನು ನಾನು ಕಂಡಿಲ್ಲ. ಗುಡುಗಿದರೆ ನಮ್ಮ ಮನೆಗೆ ಓಡಿ ಬರುತ್ತಿದ್ದಳು. ಬಾವಿಯ ಹತ್ತಿರ ಮಕ್ಕಳು ಬಗ್ಗಿದರೆ ದೂರದಿಂದಲೇ ಎದೆ ಬಡಿದುಕೊಳ್ಳುತ್ತಿದ್ದಳು. ಬಸ್ಸು ಹತ್ತುವಾಗ ಕಣ್ಣು ಮುಚ್ಚಿಕೊಳ್ಳುತ್ತಾಳೆ ಎಂದು ಅವಳ ಮಗನೇ ಅಣಕಿಸುತ್ತಿದ್ದ. ಯಾರಾದರೂ ಮಧ್ಯಾಹ್ನ ಜಗಲಿಯ ಮೇಲೆ ಮಲಗಿದ್ದರೆ ಸಾಕು, ಹತ್ತಿರ ಬಂದು ಬಗ್ಗಿ ನೋಡಿ ಹೋಗುತ್ತಿದ್ದಳು. ನಮ್ಮಪ್ಪ ಒಮ್ಮೆ ಥಟ್ಟನೆ ಕಣ್ಣು ಬಿಟ್ಟು, "ಸತ್ತಿಲ್ಲ ಕಣವ್ವ, ಹೋಗು" ಎಂದಿದ್ದ. ಎಲ್ಲಕ್ಕಿಂತ ನಗೆಪಾಟಲಾಗಿದ್ದು ಅವಳ ಬಾಗಿಲು. ಎಂಥ ಚಳಿಗಾಲವಿರಲಿ, ಒಂದು ಗೇಣು ತೆಗೆದೇ ಇಡುತ್ತಿದ್ದಳು. ಸಂದಿಗೆ ಕಲ್ಲು ಕೊಟ್ಟು, ತಾನಾಗಿ ಮುಚ್ಚಿಕೊಳ್ಳದ ಹಾಗೆ. ಎಲ್ಲಕ್ಕೂ ಹೆದರುವವಳು ಕಳ್ಳರಿಗೆ ಮಾತ್ರ ಹೆದರುವುದಿಲ್ಲವಲ್ಲ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ನಾನೂ ನಕ್ಕಿದ್ದೇನೆ.

ನಮ್ಮಕ್ಕನ ಮದುವೆ ನಿಶ್ಚಯವಾದ ವರ್ಷ ನಾನಿನ್ನೂ ಲಂಗ ಹಾಕುತ್ತಿದ್ದೆ. ಅಕ್ಕನಿಗೆ ಅದಕ್ಕೂ ಮೊದಲು ಒಂದು ಕಡೆ ಮಾತಾಗಿ, ವೀಳ್ಯಶಾಸ್ತ್ರವೂ ಮುಗಿದ ಮೇಲೆ ಆ ಮನೆಯ ಯಜಮಾನ ತೀರಿಕೊಂಡು ಸಂಬಂಧ ಮುರಿದಿತ್ತು. ಹುಡುಗಿಯ ಕಾಲ್ಗುಣ ಸರಿಯಿಲ್ಲ ಎಂಬ ಮಾತು ಕೈಲಾಂಚದಿಂದ ಹೊರಟು ಎಲ್ಲಿಯವರೆಗೆ ಹೋಗಿತ್ತೋ... ಆಮೇಲೆ ಬಹಳ ದಿನ ಯಾರೂ ಕೇಳಿಕೊಂಡು ಬರಲಿಲ್ಲ. ಕೊನೆಗೆ ಸೋಲೂರಿನ ಕಡೆಯ ಒಂದು ಮನೆಯವರು ಒಪ್ಪಿದರು. ಧನುರ್ಮಾಸ ಹುಟ್ಟುವುದರೊಳಗೆ ಲಗ್ನವಾಗಬೇಕು ಎಂದರು. ನಮ್ಮವ್ವ ಆ ಒಪ್ಪಿಗೆಯನ್ನು ತುಂಬಿದ ಕೊಡದಂತೆ ಹುಷಾರಾಗಿ ಹೊತ್ತುಕೊಂಡು ತಿರುಗುತ್ತಿದ್ದಳು. ಒಂದು ಸಣ್ಣ ಅಪಶಕುನವಾದರೂ ಅವರು ಹಿಂದಕ್ಕೆ ಹೋಗುತ್ತಾರೆ ಎಂಬ ಭಯ ಮನೆಯಲ್ಲಿ ಎಲ್ಲರಿಗೂ ಇತ್ತು. ಬೆಕ್ಕು ಅಡ್ಡ ಬಂದರೆ ಅದನ್ನು ಹೊಡೆದಟ್ಟಲು ನನ್ನನ್ನೇ ನೇಮಿಸಿದ್ದರು.

ಅಪ್ಪನ ಭಯವೇ ಬೇರೆ. ಮದುವೆಯ ಹೊತ್ತಿಗೆ ಹುಳ ಗೂಡು ಕಟ್ಟಿ, ಗೂಡು ಮಾರುಕಟ್ಟೆಗೆ ಹೋಗಿ, ನಡುಮನೆಯ ಪಕ್ಕದ ಹುಳದ ಮನೆ ತೊಳೆದು ನೆಂಟರಿಗೆ ಹಾಸಿಕೊಡಬಹುದು ಎಂದು ಅವನ ಲೆಕ್ಕ. ಆದರೆ ಆ ವರ್ಷದ ಚಳಿ ಲೆಕ್ಕವನ್ನೆಲ್ಲ ಕೆಡಿಸಿತು. ಚಳಿಗೆ ಹುಳ ಸೊಪ್ಪು ತಿನ್ನುವುದು ನಿಧಾನ, ಬೆಳೆಯುವುದೂ ನಿಧಾನ. ಬಾಗಿಲಲ್ಲಿ ಚಪ್ಪರ ಎದ್ದು ನಿಂತಾಗ ಹುಳ ಇನ್ನೂ ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಶೀತ ತಗುಲಬಾರದು, ಹೊರಗಿನವರು ಒಳಗೆ ಕಾಲಿಡಬಾರದು. ಅಪ್ಪ ಹುಳದ ಮನೆಯ ಕಿಟಕಿಗೆ ಗೋಣಿ ಹೊಡೆದು, ಗೋಣಿಯ ಮೇಲೆ ಸಗಣಿ ಸಾರಿಸಿ, ಒಳಗೆ ಹಳೆಯ ಬಾಣಲೆಗಳಲ್ಲಿ ಇದ್ದಿಲ ಕೆಂಡ ತುಂಬಿಟ್ಟ. ಸೌದೆಯಾದರೆ ಹೊಗೆ, ಹುಳಕ್ಕಾಗುವುದಿಲ್ಲ. ಇದ್ದಿಲಿಗೆ ಹೊಗೆ ಇಲ್ಲವಲ್ಲ, ಅದರಿಂದ ಯಾವ ಕೆಡುಕೂ ಇಲ್ಲ ಎಂದುಕೊಂಡಿದ್ದೆವು.

ಲಗ್ನದ ಹಿಂದಿನ ಮಧ್ಯಾಹ್ನ ಅಕ್ಕನಿಗೆ ಅರಿಶಿನ. ಒನಕೆಗೆ ಪೂಜೆ ಮಾಡಿ, ಅರಿಶಿನದ ಕೊಂಬು ಮಾವಿನೆಲೆ ಕಟ್ಟಿ, ಹಿತ್ತಿಲ ಬಾಗಿಲ ಪಕ್ಕ ಒರಗಿಸಿದ್ದರು. ಮದುವೆ ಮುಗಿಯುವವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಶಾಸ್ತ್ರಕ್ಕೆಲ್ಲ ನಮ್ಮವ್ವನ ಅಕ್ಕ, ನನ್ನ ದೊಡ್ಡಮ್ಮ, ಯಜಮಾನಿ. ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಚಪ್ಪರದ ಕೆಳಗೆ ಕೂರಿಸಿ, ಅರಿಶಿನ ಬಳಿದು, ಕೊಡಗಟ್ಟಲೆ ನೀರು ಹುಯ್ದರು. ಬಿಸಿನೀರು ಮೈಗೆ ಬೀಳುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಅಕ್ಕನ ಹಲ್ಲು ಕಟಕಟ ಎನ್ನತೊಡಗಿತು.

"ಹುಳದ ಮನೇಲಿ ಕೂರ್ಸಿ. ಬೆಚ್ಚಗೂ ಇರ್ತಾಳೆ, ಯಾರ ಕಣ್ಣೂ ಬೀಳಕ್ಕಿಲ್ಲ" ಎಂದಳು ದೊಡ್ಡಮ್ಮ. ಅರಿಶಿನ ಮೈಯ ಹೆಣ್ಣನ್ನು ಒಬ್ಬಳೇ ಬಿಡಬಾರದೆಂದು ನನ್ನನ್ನೂ ಜೊತೆಗೆ ಕಳಿಸಿದಳು. ಗಾಳಿ ಗೀಳಿ ಸೋಕದಿರಲಿ ಎಂದು ಅಕ್ಕನ ಮಡಿಲಿಗೆ ಒಂದು ಅಡಕತ್ತರಿ ಹಾಕಿದಳು. ಬಾಗಿಲು ಎಳೆದುಕೊಂಡಾಗ ಹೊರಗಿನ ಗಲಾಟೆಯೆಲ್ಲ ಒಮ್ಮೆಗೇ ದೂರವಾಯಿತು.

ಎಷ್ಟು ಹಿತವಾಗಿತ್ತು ಒಳಗೆ! ಅದನ್ನು ನೆನೆಸಿಕೊಂಡಾಗಲೇ ನನಗೆ ಹೆಚ್ಚು ಭಯವಾಗುವುದು. ಅಟ್ಟಣಿಗೆಯ ತಟ್ಟೆಗಳಲ್ಲಿ ಹುಳಗಳೆಲ್ಲ ತಲೆಯೆತ್ತಿ ನಿದ್ದೆ ಮಾಡುತ್ತಿದ್ದವು. ಕತ್ತಲೆಯಲ್ಲಿ ಕೆಂಡ ಕೆಂಪಗೆ ಕಾಣುತ್ತಿತ್ತು. ಅಕ್ಕ ಒದ್ದೆ ಕೂದಲು ಹರಡಿಕೊಂಡು ಬಾಣಲೆಯ ಪಕ್ಕದಲ್ಲೇ ಕೂತು, "ಹುಳಕ್ಕೂ ಜ್ವರ, ನಂಗೂ ಜ್ವರ ಬರೋ ಹಂಗೈತೆ" ಎಂದು ನಕ್ಕಳು. ಅತ್ತೆಮನೆಗೆ ಹೋದ ಮೇಲೆ ನನ್ನ ಜಡೆಗೊಂದು ಟೇಪು ತಂದುಕೊಡುವುದಾಗಿ ಹೇಳಿದಳು. ಸ್ವಲ್ಪ ಹೊತ್ತಿಗೆ ನನ್ನ ಕಣ್ಣುಗುಡ್ಡೆಯ ಹಿಂದೆ ಏನೋ ಒತ್ತಿದಂತಾಯಿತು. ಅಕ್ಕ ತಲೆ ಸಿಡಿಯುತ್ತದೆ ಎಂದಳು. ಆಮೇಲೆ, "ಟೇಪು... ಹಸೀಗೆ ಹಾಕಿದ್ಯಾ?" ಎಂದಳು. ನನಗೆ ಅರ್ಥವಾಗಲಿಲ್ಲ. ಮತ್ತೆ ಅದನ್ನೇ ಅಂದಳು. ನಾಲಿಗೆ ದಪ್ಪವಾದವರ ಹಾಗೆ ಮಾತು ಹೊರಳುತ್ತಿತ್ತು. ನೀರು ಎಂದು ಕೈ ಮಾಡಿದಳು.

ನಾನು ಎದ್ದೆ. ಎದ್ದೆ ಎಂದುಕೊಂಡೆ, ಆದರೆ ಕಾಲುಗಳು ನನ್ನವಾಗಿರಲಿಲ್ಲ. ಗೋಡೆ ಹಿಡಿದು ಬಾಗಿಲು ತಳ್ಳಿ, ನಡುಮನೆ ದಾಟಿ, ಹಿತ್ತಿಲಿಗೆ ಬಂದು ಬಗ್ಗಿ ವಾಂತಿ ಮಾಡಿಕೊಂಡೆ. ನನ್ನ ಹಿಂದೆಯೇ ಯಾರೋ ಹುಳಕ್ಕೆ ಶೀತವಾದೀತೆಂದು ಬಾಗಿಲು ಮುಚ್ಚಿದ ಸದ್ದು ಕೇಳಿತು.

ಹಿತ್ತಿಲಲ್ಲಿ ಮಾರನೆಯ ದಿನದ ಊಟಕ್ಕೆ ಅವರೆಕಾಳು ಹಿಚುಕುತ್ತಿದ್ದರು. ಮಾಗಡಿ ಕಡೆಯ ಅವರೆ, ನೆನೆಸಿ ರಾಶಿ ಹಾಕಿದ್ದರು. ಬೂಬಮ್ಮನೂ ಒಂದು ಮೊರ ಮುಂದಿಟ್ಟುಕೊಂಡು ಕೂತಿದ್ದಳು. ಅಡುಗೆಯ ದೊಡ್ಡ ಒಲೆ ಕಂಡರೆ ಭಯವೆಂದು ಗುಂಪಿನಿಂದ ದೂರ. ನನ್ನ ಬೆನ್ನು ಸವರಲು ಬಂದವಳು ನನ್ನ ಮುಖ ತಿರುಗಿಸಿ ನೋಡಿದಳು.

"ಎಲ್ಲಿದ್ದೆ ಮಗಾ?"

"ಹುಳದ ಮನೇಲಿ, ಅಕ್ಕನ ಜತೆ."

"ಬೆಂಕಿ ಐತಾ ಅಲ್ಲಿ? ಇದ್ಲು?"

ನಾನು ತಲೆಯಾಡಿಸಿದೆ. ಬೂಬಮ್ಮ ನನ್ನನ್ನು ಬಿಟ್ಟು ಹುಳದ ಮನೆಯ ಕಡೆ ತಿರುಗಿದಳು. ಅಷ್ಟರಲ್ಲಿ ಒಳಗಿನಿಂದ ದೊಡ್ಡಮ್ಮ ಕೂಗಿಕೊಂಡಳು. ನಾನು ಹೊರಗೆ ಬಂದದ್ದನ್ನು ನೋಡಿ ಅಕ್ಕ ಒಬ್ಬಳೇ ಇದ್ದಾಳೆಂದು ಅವಳು ಬಾಗಿಲು ತೆಗೆದು ಇಣುಕಿದ್ದಳು. ಅಕ್ಕ ಅಡ್ಡ ಬಿದ್ದಿದ್ದಳು. ಮುಖ ಕೆಂಪಗಿತ್ತು, ಕಣ್ಣು ಅರೆ ತೆರೆದಿತ್ತು, ಅಲುಗಿಸಿದರೆ ಏಳಲಿಲ್ಲ. ದೊಡ್ಡಮ್ಮ ತಕ್ಷಣ ಬಾಗಿಲು ಎಳೆದುಕೊಂಡು ಅದಕ್ಕೆ ಅಡ್ಡ ನಿಂತಳು.

"ಗಾಳಿ ಮೆಟ್ಕಂಡದೆ. ಯಾರೂ ಬಾಯಿ ಬುಡಬ್ಯಾಡಿ, ಬೀಗ್ರು ಬರೋ ಹೊತ್ತು" ಎಂದು ಅವಳು ಪಿಸುಗುಟ್ಟಿದಳು. "ಅರಿಶಿನದ ಮೈ, ಹೊರಗೆ ತಂದ್ರೆ ಪೂರಾ ಎತ್ಕಂಡೋಯ್ತದೆ. ಪೂಜಾರಪ್ಪನ್ನ ಕರೀರಿ. ಒಂದು ಬಾಣ್ಲೆ ಕೆಂಡ ತನ್ನಿ, ಸಾಂಬ್ರಾಣಿ ಹಾಕನ."

ಇನ್ನೊಂದು ಬಾಣಲೆ ಕೆಂಡ... ಯಾರಿಗೂ ಅಕ್ಕನ ಮೇಲೆ ಪ್ರೀತಿಯಿರಲಿಲ್ಲ ಎಂದಲ್ಲ. ಅವಳು ಕೈತಪ್ಪಿ ಹೋಗಬಾರದು ಎಂದೇ ಎಲ್ಲರೂ ಸೇರಿ ಆ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಬೂಬಮ್ಮ ನಡುಮನೆಗೆ ನುಗ್ಗಿದಳು, ನಾನೂ ತೂರಾಡುತ್ತಾ ಹಿಂದೆ ಹೋದೆ. ನೆಂಟರ ನಡುವೆ ತಲೆಯ ಸೆರಗು ಜಾರಿದ್ದರೂ ಅವಳಿಗೆ ಗೊತ್ತಿರಲಿಲ್ಲ. "ಬಾಗ್ಲು ತೆಗೀರಿ ಅಮ್ಮಾ, ನಿಮ್ ಕಾಲಿಗೆ ಬೀಳ್ತೀನಿ. ಗಾಳಿ ಅಲ್ಲ ಅದು, ಇದ್ಲು. ಇದ್ಲು ಉಸ್ರು ತಿಂತದೆ. ತೆಗೀರಿ" ಎಂದು ಕೈ ಮುಗಿದು ಅತ್ತಳು. ದೊಡ್ಡಮ್ಮ, "ನೀನು ಗುಡುಗಿಗೇ ಉಚ್ಚೆ ಹುಯ್ಕಳೋಳು, ಆಚೆ ನಡಿ" ಎಂದಳು. ಅಪ್ಪನೂ ಅಡ್ಡ ಬಂದ. ಹುಳ ಜ್ವರದಲ್ಲಿವೆ, ಹೊರಗಿನವರು ಒಳಗೆ ಹೋಗುವಂತಿಲ್ಲ ಎಂದ. ಹುಳದ ಮೇಲಿನ ಆಸೆಗೆ ಅಂದನೋ, ದಿಕ್ಕು ತೋಚದೆ ದಿನಾ ಹೇಳುವ ಮಾತೇ ಬಾಯಿಗೆ ಬಂತೋ, ಈಗಲೂ ನನಗೆ ತಿಳಿಯದು. ಅವ್ವ ಮಾತ್ರ ಕಂಬ ಹಿಡಿದು ನಿಂತಿದ್ದಳು.

ಬೂಬಮ್ಮ ಎಲ್ಲರ ಮುಖವನ್ನೂ ಒಂದು ಸಲ ನೋಡಿ ತಿರುಗಿ ಹಿತ್ತಿಲಿಗೆ ಓಡಿದಳು. ಸೋತು ಮನೆಗೆ ಹೊರಟಳು ಎಂದುಕೊಂಡೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವಳ ಕೈಯಲ್ಲಿ ಒನಕೆ ಇತ್ತು. ಪೂಜೆಯ ಒನಕೆ. ಮಾವಿನೆಲೆ, ಅರಿಶಿನದ ಕೊಂಬು ಎಲ್ಲ ತೂಗಾಡುತ್ತಿದ್ದವು. ಅವರೆಕಾಳು ಹಿಚುಕುತ್ತಿದ್ದ ಹೆಂಗಸರು ಅಯ್ಯಯ್ಯೋ ಎನ್ನುತ್ತಾ ಎದ್ದರು. ಅವಳು ಹುಳದ ಮನೆಯ ಕಿಟಕಿಗೆ ಒನಕೆಯಿಂದ ಗುದ್ದಿದಳು. ಸಗಣಿ ಸಾರಿಸಿದ ಗೋಣಿ ಗಟ್ಟಿಯಾಗಿತ್ತು. ಬಾಯಲ್ಲಿ ಯಾ ಅಲ್ಲಾ ಯಾ ಅಲ್ಲಾ ಎನ್ನುತ್ತಾ ಮತ್ತೆ ಮತ್ತೆ ಗುದ್ದಿದಳು. ಗೋಣಿ ಹರಿದು, ಚೌಕಟ್ಟು ಕಿತ್ತು ಒಳಕ್ಕೆ ಬಿತ್ತು. ಒಳಗಿನ ಬಿಸಿ ಅವಳ ಮುಖಕ್ಕೆ ಬಡಿದಿರಬೇಕು, ಒನಕೆ ಬಿಟ್ಟು ಹಿಂದಕ್ಕೆ ಸರಿದಳು.

ಆ ಸದ್ದಿಗೆ ಅವ್ವನಿಗೆ ಜೀವ ಬಂತು. ಹುಟ್ಟಿದಾಗಿನಿಂದ ತನ್ನ ಅಕ್ಕನೆದುರು ತಲೆಯೆತ್ತಿ ಮಾತಾಡದವಳು ದೊಡ್ಡಮ್ಮನ ಎರಡು ರಟ್ಟೆ ಹಿಡಿದು ಪಕ್ಕಕ್ಕೆ ಎಳೆದು ಹಾಕಿ ಬಾಗಿಲು ತೆಗೆದಳು. ಅವ್ವ, ಅಪ್ಪ ಸೇರಿ ಅಕ್ಕನನ್ನು ಎತ್ತಿಕೊಂಡು ಹಿತ್ತಿಲಿಗೆ ತಂದು ಅವರೆ ಸಿಪ್ಪೆಯ ರಾಶಿಯ ಮೇಲೆ ಮಲಗಿಸಿದರು. ಅರಿಶಿನದ ಮೈ ಬಯಲಿಗೆ ಬಂದಿತ್ತು. ಯಾರೂ ಅದರ ಬಗ್ಗೆ ಮಾತಾಡಲಿಲ್ಲ.

ಅಕ್ಕ ಅಲ್ಲಾಡಲಿಲ್ಲ. ಅವ್ವ ಅವಳ ಕೆನ್ನೆ ತಟ್ಟುತ್ತಿದ್ದಳು, ಅಂಗಾಲು ಉಜ್ಜುತ್ತಿದ್ದಳು, ಹೆಸರು ಹಿಡಿದು ಕರೆಯುತ್ತಿದ್ದಳು. ನಾನು ಬೂಬಮ್ಮನನ್ನು ಹುಡುಕಿದೆ. ಅವಳು ನಮ್ಮಿಂದ ಸ್ವಲ್ಪ ದೂರದಲ್ಲಿ, ಗೋಡೆಗೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತಿದ್ದಳು. ಹತ್ತಿರ ಹೋದರೆ ನನ್ನ ಕೈ ಹಿಡಿದುಕೊಂಡಳು. ತಿರುಗಲಿಲ್ಲ.

"ನಂಗೆ ನೋಡಕಾಗಕ್ಕಿಲ್ಲ ಬೇಟಿ. ನೀನು ನೋಡು. ಉಸ್ರಾಡ್ತಾ ಅವ್ಳಾ? ಮೂಗಿನ್ ತಾವ ಕೈ ಇಟ್ಟು ನೋಡು."

ನಾನು ಹೋಗಿ ಕೈ ಇಟ್ಟೆ. ಬೆಟ್ಟದ ಗಾಳಿ ಬೀಸುತ್ತಿದ್ದುದರಿಂದ ಬೆರಳಿಗೆ ತಗುಲಿದ್ದು ಅದೋ, ಅಕ್ಕನ ಉಸಿರೋ ಗೊತ್ತಾಗಲಿಲ್ಲ. ಗೊತ್ತಾಗ್ತಿಲ್ಲ ಎಂದೆ. ಬೂಬಮ್ಮ ಹಣೆಯನ್ನು ಗೋಡೆಗೆ ಒತ್ತಿಕೊಂಡಳು. ನನ್ನ ಬದುಕಿನಲ್ಲಿ ಅದಕ್ಕಿಂತ ಉದ್ದವಾದ ಹೊತ್ತು ಇನ್ನೊಂದು ಬಂದಿಲ್ಲ. ಹೆರಿಗೆಯಲ್ಲೂ ಇಲ್ಲ, ಗಂಡ ಆಸ್ಪತ್ರೆಯಲ್ಲಿ ಮಲಗಿದಾಗಲೂ ಇಲ್ಲ...

ಅಕ್ಕನ ಗಂಟಲಲ್ಲಿ ಏನೋ ಗೊರಕ್ ಎಂದಿತು. ಪಕ್ಕಕ್ಕೆ ಹೊರಳಿ ವಾಂತಿ ಮಾಡಿದಳು. ಕಣ್ಣು ಬಿಟ್ಟು ಯಾರನ್ನೂ ಗುರುತಿಸದವಳಂತೆ ಆಕಾಶ ನೋಡಿದಳು. ಆಮೇಲೆ ತೊದಲಿದಳು.

"ಚಳಿ... ಬಾಗ್ಲು ಹಾಕ್ರೇ..."

ಬೂಬಮ್ಮ ಗಕ್ಕನೆ ತಿರುಗಿದಳು. "ಚಳಿ ಅಂತಾಳೆ" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ. ಅವ್ವನ ಭುಜ ಹಿಡಿದು ಅಲುಗಿಸಿ, "ಚಳಿ ಅಂತಾಳೆ ಕಣವ್ವಾ, ನಿನ್ ಮಗ್ಳು ಚಳಿ ಅಂತಾಳೆ" ಎಂದು ಮತ್ತೆ ಮತ್ತೆ ಹೇಳಿದಳು. ಆಮೇಲೆ ಕಾಲ ಬಳಿ ಬಿದ್ದಿದ್ದ ಒನಕೆ ಕಣ್ಣಿಗೆ ಬಿತ್ತು. ತಾನು ಏನು ಮಾಡಿದೆ ಎಂದು ಆಗ ಹೊಳೆದಿರಬೇಕು, ಸೆರಗು ಎಳೆದುಕೊಂಡು ಯಾರಿಗೂ ಹೇಳದೆ ತನ್ನ ಮನೆಗೆ ಹೋಗಿಬಿಟ್ಟಳು.

ಸಂಜೆ ಗಂಡಿನವರು ಬಂದರು. ಅಕ್ಕನಿಗೆ ಮಜ್ಜಿಗೆ ಕುಡಿಸಿ, ಸೀರೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದೆವು. ಉಪವಾಸಕ್ಕೆ ಪಿತ್ತ ಏರಿದೆ ಎಂದು ಹೇಳಬೇಕೆಂದು ದೊಡ್ಡಮ್ಮ ಎಲ್ಲರಿಗೂ ಪಾಠ ಮಾಡಿದ್ದಳು. ಅಕ್ಕನ ಅತ್ತೆಯಾಗುವವಳು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋಗಿ, ಕಿತ್ತುಹೋದ ಕಿಟಕಿಯನ್ನೂ ಮಣ್ಣಾಗಿದ್ದ ಒನಕೆಯನ್ನೂ ನೋಡಿಕೊಂಡೇ ಒಳಗೆ ಬಂದಳು. ಇದೇನು ಎಂದು ಕೇಳಿದಳು. ದೊಡ್ಡಮ್ಮ ಬಾಯಿ ತೆರೆಯುವ ಮುಂಚೆ ನಮ್ಮವ್ವ ಎದ್ದು ನಿಂತಳು.

"ಕೆಂಡದ ಮನೇಲಿ ಕೂರ್ಸಿದ್ವಿ, ಹುಡ್ಗಿ ಗ್ಯಾನ ತೆಪ್ಪಿ ಬಿದ್ದೋಗಿದ್ಲು. ಪಕ್ಕದ್ ಮನೆ ಬೂಬಮ್ಮ ಕಿಟ್ಕಿ ಒಡ್ದು ಉಳಿಸ್ಕೊಟ್ಲು. ಪೂಜೆ ಒನಕೇಲೇ ಒಡುದ್ಲು. ಇರೋದು ಇಷ್ಟು. ಇನ್ ನಿಮ್ಮಿಷ್ಟ."

ಅಪ್ಪ ತಲೆ ತಗ್ಗಿಸಿದ. ಆ ಹೆಂಗಸು ಅಕ್ಕನ ಮುಂದೆ ಕೂತು ಗಲ್ಲ ಎತ್ತಿ ನೋಡಿದಳು. "ತಲೆ ನೋಯ್ತಾ ಐತಾ?" ಎಂದಳು. ಅಕ್ಕ ಹೂಂ ಎಂದಳು. "ಹಂಗಾರೆ ಒಸಿ ಮನಿಕ್ಕೊ. ನಾಳೆ ಎದ್ದು ಕೂತ್ಕಂಡ್ರಾಯ್ತು" ಎಂದು ತನ್ನ ಮೇಲಿದ್ದ ಶಾಲು ತೆಗೆದು ಹೊದಿಸಿದಳು. ಅಷ್ಟೇ. ನಾವು ಇಷ್ಟು ದಿನ ಹೆದರಿದ್ದು ಇವಳಿಗೇನಾ ಎನ್ನಿಸಿ ನನಗೆ ಅಳು ಬಂತು.

ಮಾರನೆಯ ದಿನ ಧಾರೆಯಾಯಿತು. ಬೂಬಮ್ಮ ಬರಲಿಲ್ಲ. ಒನಕೆ ಮುಟ್ಟಿದ್ದಕ್ಕೆ ಬೈಯುತ್ತಾರೆಂದು ಹೆದರಿ ಮನೆಯೊಳಗೇ ಕೂತಿದ್ದಳು. ಊಟವಾದ ಮೇಲೆ ಅವ್ವ ಎಲೆಅಡಿಕೆ, ರವಿಕೆ ಕಣ, ಅನ್ನ, ಹಿತಕಿದ ಬೇಳೆ ಸಾರು ತೆಗೆದುಕೊಂಡು ನನ್ನನ್ನೂ ಕರೆದುಕೊಂಡು ಹೋದಳು. ಬಾಗಿಲು ಎಂದಿನಂತೆ ಒಂದು ಗೇಣು ತೆರೆದಿತ್ತು. ಅವ್ವ ಅದನ್ನೆಲ್ಲ ಅವಳ ಮುಂದಿಟ್ಟು ಕೂತಳು. ಆಮೇಲೆ ಬೂಬಮ್ಮ ನೆಲ ನೋಡುತ್ತಾ ಹೇಳಿದಳು. ಅವಳ ತಂಗಿ ಚನ್ನಪಟ್ಟಣದ ತವರಿನಲ್ಲಿ ಹೆತ್ತಿದ್ದಳಂತೆ. ಬಹಳ ವರ್ಷದ ಹಿಂದಿನ ಮಾತು, ಇಂಥದ್ದೇ ಚಳಿಗಾಲ. ಬಾಣಂತಿ ಕೋಣೆ, ಮಂಚದ ಕೆಳಗೆ ಕೆಂಡದ ಬಾಣಲೆ.

"ಕೂಸಿಗೆ ಥಂಡಿ ಆಯ್ತದೆ ಅಂತ ನಾನೇ ಬಾಗ್ಲು ಹಾಕ್ದೆ. ಸಂದಿಗೆ ನಾನೇ ಬಟ್ಟೆ ತುರುಕ್ದೆ. ಬೆಳಿಗ್ಗೆ ತೆಗುದ್ರೆ... ಇಬ್ರೂ ನಿದ್ದೆ ಮಾಡ್ದಂಗಿದ್ರು."

ಅವ್ವ ತಂದಿದ್ದ ಅನ್ನ ಕಲಸಿ ತನ್ನ ಕೈಯಾರೆ ತುತ್ತು ಮಾಡಿ ಅವಳ ಬಾಯಿಗಿಟ್ಟಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರೂ ಅವಳನ್ನು ಪುಕ್ಕಲಿ ಎನ್ನಲಿಲ್ಲ. ಅಪ್ಪನ ಹುಳ ಜ್ವರದಿಂದ ಸರಿಯಾಗಿ ಏಳಲಿಲ್ಲ, ಅರ್ಧಕ್ಕರ್ಧ ತಿಪ್ಪೆಗೆ ಹೋಯಿತು. ಅವನು ಅದರ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಕಿಟಕಿಗೆ ಮತ್ತೆ ಗೋಣಿಯನ್ನೂ ಹೊಡೆಯಲಿಲ್ಲ.

ಕೆಲವು ವರ್ಷಗಳ ಮೇಲೆ ಗಂಡನ ಕೆಲಸ ಕುಂದಿ ಅವರು ಮಾಗಡಿಯ ಕಡೆಗೆ ಹೋದರು. ಹೋಗುವ ದಿನ ನಾನು ಸ್ಕೂಲಿನಲ್ಲಿದ್ದೆ. ಬಂದು ನೋಡಿದರೆ ಪಕ್ಕದ ಮನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಆ ಬಾಗಿಲು ಪೂರ್ತಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಅವಳನ್ನು ಕಾಣಲೇ ಇಲ್ಲ. ಅವಳು ತೀರಿಕೊಂಡ ಸುದ್ದಿಯೂ ಬಹಳ ತಡವಾಗಿ, ಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕ ಅವಳ ಮಗನ ಬಾಯಿಂದ ಅಪ್ಪನಿಗೆ ತಿಳಿಯಿತು. ಅಕ್ಕ ಈಗ ಮೊಮ್ಮಕ್ಕಳ ಅಜ್ಜಿ. ಅವಳಿಗೆ ಆ ಮಧ್ಯಾಹ್ನದ್ದೇನೂ ನೆನಪಿಲ್ಲ. ಅವತ್ತು ಬೂಬಮ್ಮನ ಮುಖ ಹೇಗಿತ್ತು ಎಂದು ಆಗಾಗ ನನ್ನನ್ನು ಕೇಳುತ್ತಾಳೆ. ಮೊದಮೊದಲು ಹೇಳುತ್ತಿದ್ದೆ. ಈಗ ನನಗೂ ಗೋಡೆಗೆ ತಿರುಗಿದ ಆ ಬೆನ್ನು, ಜಾರಿದ ಸೆರಗು ಬಿಟ್ಟು ಬೇರೆ ಸರಿಯಾಗಿ ಕಾಣುವುದಿಲ್ಲ...

ಇಸ್ತ್ರಿಯವನು ಗೊಣಗಿಕೊಂಡೇ ಟಾರ್ಪಾಲು ಬಿಚ್ಚಿದ. ನಾನು ಹಾಲು ಹಿಡಿದು ಮೇಲೆ ಬಂದು, ಬಾಗಿಲು ತೆರೆದಿಟ್ಟು, ಮುಚ್ಚಿಕೊಳ್ಳದಂತೆ ಸಂದಿಗೆ ನನ್ನ ಚಪ್ಪಲಿ ಕೊಟ್ಟೆ. ಒಳಗೆ ಸೊಸೆ ಮೊಮ್ಮಗುವನ್ನು ತಬ್ಬಿಕೊಂಡು ಇನ್ನೂ ಮಲಗಿದ್ದಳು. ಹತ್ತಿರ ಹೋಗಿ ಬಗ್ಗಿ ನೋಡಿದೆ. ಅವಳು ಕಣ್ಣು ಬಿಡದೆಯೇ ರಗ್ಗು ಎಳೆದುಕೊಂಡಳು.

"ಅತ್ತೆ, ಚಳಿ. ಬಾಗ್ಲು ಹಾಕಿ."

"ಚಳಿ ಅಂತಾಳೆ, ಬೂಬಮ್ಮಾ" ಎಂದುಕೊಂಡೆ. ಬಾಗಿಲು ಹಾಕಲಿಲ್ಲ.